ಕಾನೂನು ಸಂಸ್ಥೆಯ ಕೆಲಸ ಬಿಡುವಾಗ: ನೋಟಿಸ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಸುಮಾರು ಇಪ್ಪತ್ತು ವಕೀಲರಿರುವ ಕಾನೂನು ಸಂಸ್ಥೆಯೊಂದರಲ್ಲಿ ಮೂರು ವರ್ಷಗಳಿಂದ ಅಸೋಸಿಯೇಟ್ ಆಗಿದ್ದೇನೆ. ಬೇರೊಂದು ಸಂಸ್ಥೆಯಿಂದ ಒಳ್ಳೆಯ ಅವಕಾಶ ಬಂದಿದ್ದು, ಒಂದು ತಿಂಗಳೊಳಗೆ ಸೇರಬೇಕೆಂದು ಅವರು ಹೇಳುತ್ತಿದ್ದಾರೆ. ಆದರೆ ನನ್ನ ನೇಮಕಾತಿ ಪತ್ರದಲ್ಲಿ ಮೂರು ತಿಂಗಳ ನೋಟಿಸ್ ಎಂದಿದೆ. ನಮ್ಮ ಹಿರಿಯ ಪಾಲುದಾರರು ಮುಂಗೋಪಿಗಳು. ಹಿಂದೆ ಕೆಲಸ ಬಿಟ್ಟ ಸಹೋದ್ಯೋಗಿಯೊಬ್ಬರಿಗೆ ‘ನೋಟಿಸ್ ಮುಗಿಸದೆ ಹೋದರೆ ಕೋರ್ಟಿಗೆ ಎಳೆಯುತ್ತೇನೆ’ ಎಂದಿದ್ದರು. ಮೊದಲು ಯಾರಿಗೆ ಹೇಳಬೇಕು, ಪತ್ರದಲ್ಲಿ ಏನು ಬರೆಯಬೇಕು, ಅವಧಿಗೆ ಮುಂಚೆ ಹೋಗಲು ಸಾಧ್ಯವೇ? ದಯವಿಟ್ಟು ತಿಳಿಸಿ. (ಹೆಸರು ಬೇಡ)

ಉತ್ತರ: ಹೊಸ ಸಂಸ್ಥೆಯ ನೇಮಕಾತಿ ಪತ್ರ ಕೈಗೆ ಬರುವವರೆಗೆ ಹಳೆಯ ಸಂಸ್ಥೆಯಲ್ಲಿ ಯಾರಿಗೂ ಏನನ್ನೂ ಹೇಳಬೇಡಿ. ಫೋನಿನಲ್ಲಿ ‘ನೀವು ಬಂದ ಹಾಗೆಯೇ ಲೆಕ್ಕ’ ಎಂದವರು ಎರಡು ವಾರ ಕಳೆದ ಮೇಲೆ ‘ಸ್ವಲ್ಪ ಕಾಯಿರಿ’ ಎನ್ನುವುದು ನಮ್ಮ ವೃತ್ತಿಯಲ್ಲಿ ಅಪರೂಪವೇನಲ್ಲ. ಪತ್ರ ಬಂದ ಮೇಲೆ, ಸೇರಬೇಕಾದ ದಿನಾಂಕವನ್ನು ಮುಂದಕ್ಕೆ ಹಾಕಿಕೊಡುವಂತೆ ಅವರನ್ನೇ ಮೊದಲು ಕೇಳಿ. ಒಂದು ತಿಂಗಳಲ್ಲಿ ಬನ್ನಿ ಎಂದು ಅವಸರಿಸುವ ಸಂಸ್ಥೆಯೂ ತನ್ನ ಅಸೋಸಿಯೇಟರಿಗೆ ಎರಡು ಮೂರು ತಿಂಗಳ ನೋಟಿಸ್ ಹಾಕಿರುತ್ತದೆ ಎಂಬುದನ್ನು ವಿನಯದಿಂದಲೇ ನೆನಪಿಸಬಹುದು. ಹಳೆಯ ಕಕ್ಷಿದಾರರನ್ನು ನಡುನೀರಿನಲ್ಲಿ ಬಿಟ್ಟು ಬಂದವರು ನಾಳೆ ತಮ್ಮನ್ನೂ ಹಾಗೆಯೇ ಬಿಟ್ಟು ಹೋಗಬಹುದು ಎಂಬ ಅರಿವು ಇರುವ ಪಾಲುದಾರರು ಸಾಮಾನ್ಯವಾಗಿ ದಿನಾಂಕದ ವಿಷಯದಲ್ಲಿ ಹಟ ಮಾಡುವುದಿಲ್ಲ.

ಆನಂತರ ನಿಮ್ಮ ನೇಮಕಾತಿ ಪತ್ರವನ್ನು, ಕಕ್ಷಿದಾರರ ಒಪ್ಪಂದವನ್ನು ಓದುವಷ್ಟೇ ಎಚ್ಚರದಿಂದ ಓದಿ. ದಿನವಿಡೀ ಇತರರ ಕರಾರುಗಳಲ್ಲಿ ತಪ್ಪು ಹುಡುಕುವ ನಾವು ನಮ್ಮ ಕರಾರನ್ನು ಸಹಿ ಹಾಕಿದ ದಿನದ ನಂತರ ತೆರೆದು ನೋಡಿರುವುದಿಲ್ಲ. ಮೂರು ತಿಂಗಳೆಂದರೆ ಕ್ಯಾಲೆಂಡರ್ ತಿಂಗಳೋ ತೊಂಬತ್ತು ದಿನಗಳೋ, ಅವಧಿ ನೀವು ಪತ್ರ ಬರೆದ ದಿನದಿಂದ ಆರಂಭವಾಗುತ್ತದೆಯೋ ಅದು ಅವರಿಗೆ ತಲುಪಿದ ದಿನದಿಂದಲೋ, ಇಮೇಲ್ ಸಾಕೋ ಸಹಿ ಮಾಡಿದ ಪತ್ರವೇ ಬೇಕೋ, ಬಾಕಿ ಉಳಿದ ರಜೆಯನ್ನು ನೋಟಿಸ್ ಅವಧಿಗೆ ಹೊಂದಿಸಿಕೊಳ್ಳಬಹುದೋ ಎಂಬುದನ್ನು ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದುದು, ನೋಟಿಸ್ ಅವಧಿಯ ಬದಲಿಗೆ ಸಂಬಳವನ್ನು ಕೊಟ್ಟು ಬಿಡುಗಡೆ ಹೊಂದುವ ಷರತ್ತು. ಆ ಷರತ್ತು ‘ಉಭಯ ಪಕ್ಷಗಳಿಗೂ’ ಅನ್ವಯಿಸುತ್ತದೆ ಎಂದಿದ್ದರೆ ಉಳಿದ ದಿನಗಳ ಸಂಬಳವನ್ನು ಕಟ್ಟಿ ಹೊರಡುವ ಆಯ್ಕೆ ನಿಮ್ಮದು; ‘ಸಂಸ್ಥೆಯ ವಿವೇಚನೆಗೆ ಒಳಪಟ್ಟು’ ಎಂದಿದ್ದರೆ ಅವರ ಒಪ್ಪಿಗೆ ಬೇಕು. ಲೆಕ್ಕ ಹಾಕುವುದು ಮೂಲ ವೇತನದ ಮೇಲೋ ಒಟ್ಟು ಸಂಬಳದ ಮೇಲೋ ಎಂಬುದನ್ನೂ ಅಲ್ಲೇ ನೋಡಿ, ಏಕೆಂದರೆ ಕೊನೆಯ ದಿನದ ಜಗಳಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟುತ್ತವೆ.

‘ಕೋರ್ಟಿಗೆ ಎಳೆಯುತ್ತೇನೆ’ ಎಂಬ ಮಾತಿನ ತೂಕ ಎಷ್ಟೆಂಬುದು ಹೇಳಿದವರಿಗೂ ಗೊತ್ತಿರುತ್ತದೆ. ಇಷ್ಟವಿಲ್ಲದ ನೌಕರಿಯಲ್ಲಿ ಮುಂದುವರಿಯಬೇಕೆಂದು ಯಾರಿಗೂ ನ್ಯಾಯಾಲಯ ಆದೇಶಿಸುವುದಿಲ್ಲ. 1852ರಲ್ಲಿ ಲಂಡನ್ನಿನ ನಾಟಕಶಾಲೆಯೊಂದರ ಮಾಲೀಕ ಲಮ್ಲಿ, ತನ್ನಲ್ಲಿ ಹಾಡುವುದಾಗಿ ಒಪ್ಪಿಕೊಂಡು ಪ್ರತಿಸ್ಪರ್ಧಿಯ ಕಡೆಗೆ ವಾಲಿದ ಗಾಯಕಿ ಯೊಹಾನ್ನಾ ವಾಗ್ನರ್ ಮೇಲೆ ಹೂಡಿದ ದಾವೆಯಲ್ಲಿ, ಹಾಡು ಎಂದು ಆಜ್ಞಾಪಿಸುವ ಅಧಿಕಾರ ತನಗಿಲ್ಲವೆಂದೂ, ಒಪ್ಪಂದದ ಅವಧಿಯಲ್ಲಿ ಬೇರೆಡೆ ಹಾಡದಂತೆ ಮಾತ್ರ ತಡೆಯಬಹುದೆಂದೂ ನ್ಯಾಯಾಲಯ ಹೇಳಿತು. ಇಂದಿಗೂ ಹಲವು ದೇಶಗಳಲ್ಲಿ ಕಾನೂನು ನಿಂತಿರುವುದು ಹೆಚ್ಚೂ ಕಡಿಮೆ ಈ ಗೆರೆಯ ಮೇಲೆಯೇ. ಹಾಗೆಂದು ನೋಟಿಸ್ ಷರತ್ತಿಗೆ ಬೆಲೆಯೇ ಇಲ್ಲವೆಂದಲ್ಲ. ಅದನ್ನು ಮುರಿದರೆ ಸಂಸ್ಥೆ ಹಣದ ರೂಪದಲ್ಲಿ ಪರಿಹಾರ ಕೇಳಬಹುದು. ಭಾರತದ 1872ರ ಒಪ್ಪಂದ ಕಾಯ್ದೆಯ 74ನೇ ಕಲಮಿನಂತೆ ಕರಾರಿನಲ್ಲಿ ನಮೂದಿಸಿದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಸಮಂಜಸವೆನಿಸುವಷ್ಟನ್ನು ನ್ಯಾಯಾಲಯ ನಿಗದಿಪಡಿಸುತ್ತದೆ. ನಿಮ್ಮ ಪತ್ರದಲ್ಲಿ ಇಂತಿಷ್ಟು ವರ್ಷ ಇರಲೇಬೇಕೆಂಬ ಬಾಂಡ್ ಏನಾದರೂ ಇದ್ದರೆ ಅದನ್ನು ಹಗುರವಾಗಿ ಕಾಣಬೇಡಿ. ಕನಿಷ್ಠ ಸೇವಾವಧಿ ಮುಗಿಸದೆ ಹೊರಟ ಬ್ಯಾಂಕ್ ಅಧಿಕಾರಿಯೊಬ್ಬರಿಂದ ಕರಾರಿನಂತೆ ಹಣ ವಸೂಲು ಮಾಡಿದ್ದನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಕೆಲಸ ಬಿಟ್ಟ ಮೇಲೆ ಇಷ್ಟು ವರ್ಷ ಬೇರೆ ಸಂಸ್ಥೆ ಸೇರಕೂಡದು ಎಂಬ ಷರತ್ತಿನ ಕಥೆ ಬೇರೆ. ಅದು ಅದೇ ಒಪ್ಪಂದ ಕಾಯ್ದೆಯ 27ನೇ ಕಲಮಿನಡಿ ಭಾರತದಲ್ಲಿ ನಿಲ್ಲುವುದಿಲ್ಲ, ಕ್ರಿಕೆಟಿಗ ಜಹೀರ್ ಖಾನ್ ಅವರಿಗೆ ಸಂಬಂಧಿಸಿದ 2006ರ ತೀರ್ಪಿನಲ್ಲಿಯೂ, ಒಪ್ಪಂದ ಮುಗಿದ ನಂತರ ಹೇರುವ ನಿರ್ಬಂಧಗಳ ಬಗ್ಗೆ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯದಲ್ಲಿ ನೀವು ಹೊರಡುವ ದಿನವನ್ನು ನಿರ್ಧರಿಸಬೇಕಾದುದು ನೇಮಕಾತಿ ಪತ್ರವಲ್ಲ, ನಿಮ್ಮ ಕೇಸ್ ಡೈರಿ. ಬೇರೆ ಕಚೇರಿಗಳಲ್ಲಿ ನೋಟಿಸ್ ಅವಧಿಯೆಂಬುದು ಮಾಲೀಕರಿಗೆ ಬದಲಿ ವ್ಯಕ್ತಿಯನ್ನು ಹುಡುಕಿಕೊಳ್ಳಲು ಕೊಡುವ ಸಮಯ. ಕಾನೂನು ಸಂಸ್ಥೆಯಲ್ಲಿ ಅದರ ಜೊತೆಗೆ, ಈ ಕರಾರಿಗೆ ಸಹಿಯನ್ನೇ ಹಾಕದ ಮೂರನೆಯವರೊಬ್ಬರಿದ್ದಾರೆ, ಅವರು ಕಕ್ಷಿದಾರರು. ಪಾಲುದಾರರ ಸಿಟ್ಟು ವಾರದಲ್ಲಿ ಇಳಿದೀತು, ಆದರೆ ಕಾಲಮಿತಿ ದಾಟಿದ ಮೇಲ್ಮನವಿಯನ್ನು ಮರಳಿ ಹಳಿಗೆ ತರುವುದು ಸುಲಭವಲ್ಲ. ಭಾರತದಲ್ಲಿ ವಾಣಿಜ್ಯ ದಾವೆಯ ಸಮನ್ಸ್ ಜಾರಿಯಾಗಿ 120 ದಿನ ಕಳೆದರೆ ಪ್ರತಿವಾದಿಗೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಉಳಿಯುವುದಿಲ್ಲ, ‘ಆ ಕಡತ ನೋಡುತ್ತಿದ್ದ ವಕೀಲರು ಕೆಲಸ ಬಿಟ್ಟರು’ ಎಂಬ ಕಾರಣವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ರಾಜೀನಾಮೆ ಪತ್ರ ಬರೆಯುವ ಮುನ್ನ ಒಂದು ಸಂಜೆ ಕುಳಿತು ಮುಂದಿನ ನಾಲ್ಕು ತಿಂಗಳ ಡೈರಿಯನ್ನು ತಿರುವಿ ಹಾಕಿ. ಯಾವ ಪ್ರಕರಣದಲ್ಲಿ ನೀವೇ ಪಾಟೀಸವಾಲು ಮಾಡುತ್ತಿದ್ದೀರಿ, ಯಾವುದರಲ್ಲಿ ವಾದ ಅರ್ಧಕ್ಕೆ ನಿಂತಿದೆ, ಯಾವ ಒಪ್ಪಂದದ ಸಹಿ ಯಾವ ವಾರಕ್ಕೆ ನಿಗದಿಯಾಗಿದೆ ಎಂಬುದು ಕಣ್ಣಿಗೆ ಬಿದ್ದಾಗ, ಯಾವ ದಿನ ಹೊರಟರೆ ಯಾರಿಗೂ ಹಾನಿಯಾಗದು ಎಂಬುದು ತಾನಾಗಿಯೇ ತೋರುತ್ತದೆ. ಎಷ್ಟೋ ಸಲ ಅದು ಮೂರು ತಿಂಗಳಿಗಿಂತ ಕಡಿಮೆಯೇ ಇರುತ್ತದೆ, ಅವಧಿ ಕಡಿತಕ್ಕೆ ಅದಕ್ಕಿಂತ ಒಳ್ಳೆಯ ವಾದ ನಿಮಗೆ ಸಿಗಲಾರದು.

ಹೇಳುವ ಕ್ರಮಕ್ಕೆ ಬರೋಣ. ಮೊದಲು ತಿಳಿಯಬೇಕಾದವರು ನೀವು ನೇರವಾಗಿ ಯಾರ ಕೈಕೆಳಗೆ ಕೆಲಸ ಮಾಡುತ್ತೀರೋ ಆ ಪಾಲುದಾರರು. ಎಚ್‌ಆರ್ ವಿಭಾಗವೂ ಅಲ್ಲ, ಪಕ್ಕದ ಮೇಜಿನ ಗೆಳತಿಯೂ ಅಲ್ಲ. ವಿಚಾರಣೆ ಮುಗಿಸಿ ಸುಸ್ತಾಗಿ ಬಂದ ಹೊತ್ತನ್ನಾಗಲಿ, ಕೋರ್ಟಿಗೆ ಹೊರಡುವ ಗಡಿಬಿಡಿಯನ್ನಾಗಲಿ ಆರಿಸಿಕೊಳ್ಳದೆ, ಹತ್ತು ನಿಮಿಷ ಸಮಯ ಬೇಕೆಂದು ಮೊದಲೇ ಕೇಳಿ, ಬಾಗಿಲು ಮುಚ್ಚಿ ಮಾತನಾಡಿ. ‘ಸರ್, ನಾನು ಬೇರೆ ಕಡೆ ಸೇರಲು ನಿರ್ಧರಿಸಿದ್ದೇನೆ. ಪತ್ರ ತಂದಿದ್ದೇನೆ. ನನ್ನ ಬಳಿಯಿರುವ ಕಡತಗಳ ಪಟ್ಟಿಯನ್ನೂ ಮಾಡಿದ್ದೇನೆ, ಯಾರಿಗೆ ಒಪ್ಪಿಸಲಿ ಎಂದು ಹೇಳಿದರೆ ನಾಳೆಯಿಂದಲೇ ಆರಂಭಿಸುತ್ತೇನೆ’ ಎಂದರೆ ಸಾಕು. ಕಡತಗಳ ಪಟ್ಟಿ ಕೈಯಲ್ಲಿರುವುದರಿಂದ ಮಾತು ‘ಏಕೆ ಹೋಗುತ್ತೀಯಾ’ ಎಂಬುದರಿಂದ ‘ಯಾವುದನ್ನು ಯಾರಿಗೆ ಕೊಡೋಣ’ ಎಂಬುದರ ಕಡೆಗೆ ಬೇಗ ಹೊರಳುತ್ತದೆ. ಅವರು ರೇಗಿದರೆ ರೇಗಲಿ, ಉತ್ತರ ಕೊಡುವ ಅಗತ್ಯವಿಲ್ಲ. ಸಂಬಳ ಹೆಚ್ಚಿಸುತ್ತೇವೆ ಎಂದು ಅಲ್ಲಿಯೇ ಹೇಳಿದರೆ ಧನ್ಯವಾದ ಹೇಳಿ, ನಿರ್ಧಾರ ಆಗಿದೆ ಎನ್ನಿ. ಬಿಟ್ಟು ಹೋಗುತ್ತೇನೆಂದ ಮೇಲೆ ನೆನಪಾಗುವ ಸಂಬಳವನ್ನು ನಂಬಿ ಉಳಿದವರು ಬಹಳ ಕಾಲ ನೆಮ್ಮದಿಯಿಂದ ಇದ್ದದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಪತ್ರ ಚಿಕ್ಕದಾಗಿರಲಿ. ‘ಅಸೋಸಿಯೇಟ್ ಹುದ್ದೆಗೆ ನಾನು ಈ ಮೂಲಕ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದ ಇಂತಿಷ್ಟನೇ ಷರತ್ತಿನಂತೆ ನನ್ನ ನೋಟಿಸ್ ಅವಧಿಯು ಇಂತಹ ದಿನಾಂಕಕ್ಕೆ ಮುಗಿಯುತ್ತದೆ. ಕಡತಗಳ ಹಸ್ತಾಂತರ ಅದಕ್ಕೂ ಮೊದಲೇ ಪೂರ್ಣಗೊಂಡಲ್ಲಿ ಇಂತಹ ದಿನಾಂಕದಂದು ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.’ ಇದಕ್ಕೆ ಒಂದು ಸಾಲು ಕೃತಜ್ಞತೆ ಸೇರಿಸಿ ಸಹಿ ಮಾಡಿ. ಕಾರಣ ಬರೆಯಬೇಕಾದ ಬದ್ಧತೆ ನಿಮಗಿಲ್ಲ. ಹೊಸ ಸಂಸ್ಥೆಯ ಹೆಸರನ್ನೂ ಬರೆಯಬೇಕಿಲ್ಲ, ಆದರೆ ಆ ಸಂಸ್ಥೆ ನೀವೀಗ ನಡೆಸುತ್ತಿರುವ ಯಾವುದಾದರೂ ಪ್ರಕರಣದಲ್ಲಿ ಎದುರು ಪಕ್ಷದ ವಕೀಲರಾಗಿದ್ದರೆ ಅದನ್ನು ಪಾಲುದಾರರಿಗೆ ಬಾಯಿಮಾತಿನಲ್ಲಾದರೂ ತಕ್ಷಣ ತಿಳಿಸಿ ಆ ಕಡತದಿಂದ ದೂರ ಸರಿಯಬೇಕು. ನಿಜ ಹೇಳಬೇಕೆಂದರೆ ಇದನ್ನು ಮಾತುಕತೆ ಗಂಭೀರವಾದ ಹಂತದಲ್ಲಿಯೇ ಮಾಡಬೇಕಿತ್ತು, ಏಕೆಂದರೆ ನಾಳಿನ ಧಣಿಯ ಎದುರು ಇಂದು ವಾದಿಸುವವರ ನಿಷ್ಠೆಯನ್ನು ಕಕ್ಷಿದಾರರು ಅನುಮಾನಿಸಿದರೆ ತಪ್ಪೆನ್ನಲಾಗದು. ಪತ್ರ ಕೊಟ್ಟದ್ದಕ್ಕೆ ದಿನಾಂಕ ಸಹಿತ ಸ್ವೀಕೃತಿ ಪಡೆದುಕೊಳ್ಳಿ ಅಥವಾ ಅದೇ ದಿನ ಇಮೇಲ್ ಕೂಡ ಕಳುಹಿಸಿ.

ಹಸ್ತಾಂತರದ ಟಿಪ್ಪಣಿಯ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹಟಮಾರಿ. ‘ಕಡತದಲ್ಲಿ ಎಲ್ಲವೂ ಇದೆ’ ಎಂಬ ಮಾತು ಎಂದೂ ನಿಜವಲ್ಲ. ಪ್ರಕರಣದ ಸಂಖ್ಯೆ, ಮುಂದಿನ ದಿನಾಂಕ, ಹಂತ ಇವು ಯಾರಿಗಾದರೂ ಸಿಗುತ್ತವೆ. ಬರೆಯಬೇಕಾದುದು ನಿಮ್ಮ ತಲೆಯಲ್ಲಿ ಮಾತ್ರ ಇರುವುದನ್ನು. ‘ವಾದಿಯ ಎರಡನೇ ಸಾಕ್ಷಿಯ ಪಾಟೀಸವಾಲು ಅರ್ಧ ಆಗಿದೆ, ಸಹಿಯ ಬಗ್ಗೆ ಇನ್ನೂ ಕೇಳಿಲ್ಲ. ಮೂಲ ಕ್ರಯಪತ್ರ ನ್ಯಾಯಾಲಯದಲ್ಲಿದೆ, ನಮ್ಮಲ್ಲಿರುವುದು ನಕಲು. ಕಕ್ಷಿದಾರರ ತಮ್ಮ ರಾಜಿಗೆ ಸಿದ್ಧರಿದ್ದಾರೆಂದು ಫೋನಿನಲ್ಲಿ ಹೇಳಿದ್ದಾರೆ, ಅಣ್ಣನಿಗೆ ಇನ್ನೂ ತಿಳಿದಿಲ್ಲ.’ ಇಂತಹ ನಾಲ್ಕು ಸಾಲು ಮುಂದೆ ಬರುವವರಿಗೆ ನಾನೂರು ಪುಟದ ಕಡತಕ್ಕಿಂತ ಹೆಚ್ಚು ಉಪಕಾರಿ. ಇನ್ನೊಂದು ಸಣ್ಣ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಇ-ಫೈಲಿಂಗ್ ಖಾತೆ ನಿಮ್ಮ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದ್ದರೆ, ನೀವು ಹೋದ ಮೇಲೆ ಆಕ್ಷೇಪಣೆಗಳನ್ನು ಸರಿಪಡಿಸಬೇಕಾದ ಸಂದೇಶವೂ ಒಟಿಪಿಯೂ ನಿಮ್ಮ ಫೋನಿಗೇ ಬರುತ್ತಿರುತ್ತವೆ. ಕೊನೆಯ ದಿನಕ್ಕೆ ಮುಂಚೆ ಆ ಸಂಖ್ಯೆಯನ್ನು ಬದಲಾಯಿಸಿಕೊಡಿ. ಕಕ್ಷಿದಾರರು ವಾಟ್ಸಾಪ್‌ನಲ್ಲಿ ನಿಮಗೆ ಕಳುಹಿಸಿದ ದಾಖಲೆಗಳನ್ನು ಸಂಸ್ಥೆಯ ಕಡತಕ್ಕೆ ಸೇರಿಸಿ, ನಿಮ್ಮ ಫೋನಿನಿಂದ ಅಳಿಸಿ, ಗುಂಪುಗಳಿಂದ ಹೊರಬನ್ನಿ. ನೀವೇ ರಾತ್ರಿ ಹಗಲು ಕುಳಿತು ಸಿದ್ಧಪಡಿಸಿದ ಡ್ರಾಫ್ಟ್‌ಗಳೆಂದು ಪೆನ್‌ಡ್ರೈವಿಗೆ ಇಳಿಸಿಕೊಳ್ಳುವ ಆಸೆ ಆಗುತ್ತದೆ. ಅವು ಸಂಸ್ಥೆಯ ಸ್ವತ್ತು, ಅವುಗಳ ಒಳಗಿರುವುದು ಕಕ್ಷಿದಾರರ ಗುಟ್ಟು, ಮುಟ್ಟಬೇಡಿ. ಹಾಗೆಯೇ ಬರಬೇಕಾದ ಸಂಬಳ ಬಾಕಿಯಿದೆಯೆಂದು ಕಡತಗಳನ್ನು ಹಿಡಿದಿಟ್ಟುಕೊಳ್ಳುವ ಯೋಚನೆಯೂ ಬೇಡ. ವಕೀಲರ ಫೀಸ್ ಬಾಕಿಗಾಗಿಯೇ ಕಕ್ಷಿದಾರರ ಕಡತವನ್ನು ಒತ್ತೆಯಿಟ್ಟುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿರುವಾಗ, ಸಂಬಳದ ಬಾಕಿಗೆ ಆ ದಾರಿ ಎಲ್ಲಿಂದ ಬಂತು?

ಪ್ರಶ್ನೆ: ನಾನು ವಕೀಲಳಲ್ಲ. ಕಾನೂನು ಕಚೇರಿಯೊಂದರಲ್ಲಿ ಏಳು ವರ್ಷಗಳಿಂದ ಟೈಪಿಂಗ್, ಫೈಲಿಂಗ್, ಡೈರಿ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ನೇಮಕಾತಿ ಪತ್ರವನ್ನೇ ಕೊಟ್ಟಿಲ್ಲ. ಹಾಗಿದ್ದ ಮೇಲೆ ನೋಟಿಸ್ ಕೊಡದೆ ಬಿಡಬಹುದೇ? ಬಿಟ್ಟ ಮೇಲೆ ಅಲ್ಲಿಯ ವಿಷಯ ಮಾತನಾಡಬಾರದೆಂಬ ನಿಯಮ ನನಗೂ ಅನ್ವಯಿಸುತ್ತದೆಯೇ?

ಉತ್ತರ: ಪತ್ರ ಇಲ್ಲವೆಂದ ಮಾತ್ರಕ್ಕೆ ಕರಾರು ಇಲ್ಲವೆಂದಾಗುವುದಿಲ್ಲ. ಏಳು ವರ್ಷ ಪ್ರತಿ ತಿಂಗಳೂ ಸಂಬಳ ಪಡೆದಿರುವುದೇ ಕರಾರಿಗೆ ಸಾಕ್ಷಿ. ಬರೆದಿಟ್ಟ ಅವಧಿ ಇಲ್ಲದಾಗ ಕಾನೂನು ಸಾಮಾನ್ಯವಾಗಿ ನಿರೀಕ್ಷಿಸುವುದು ಸಮಂಜಸವಾದ ನೋಟಿಸ್ ಅನ್ನು, ತಿಂಗಳ ಸಂಬಳದವರಿಗೆ ಒಂದು ತಿಂಗಳೆಂಬುದು ಒಪ್ಪುವ ಅಳತೆ. ಕೆಲವು ದೇಶಗಳಲ್ಲಿ ಕಾನೂನೇ ಕನಿಷ್ಠವನ್ನು ಗೊತ್ತು ಮಾಡಿದೆ. ಇಂಗ್ಲೆಂಡಿನಲ್ಲಿ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯಂತೆ ಒಂದು ತಿಂಗಳು ಕೆಲಸ ಮಾಡಿದ ನೌಕರರು ಬಿಡುವಾಗ ಒಂದು ವಾರದ ನೋಟಿಸನ್ನಾದರೂ ಕೊಡಲೇಬೇಕು. ನಿಮ್ಮ ವಿಷಯದಲ್ಲಿ ನಾನು ಒಂದು ತಿಂಗಳನ್ನೇ ಸಲಹೆ ಮಾಡುತ್ತೇನೆ, ಏಕೆಂದರೆ ಬಹುಪಾಲು ಕಚೇರಿಗಳಲ್ಲಿ ಯಾವ ಕಡತ ಯಾವ ಕಪಾಟಿನಲ್ಲಿದೆ, ಯಾವ ಪ್ರಮಾಣಿತ ನಕಲಿಗೆ ಅರ್ಜಿ ಹಾಕಿ ಇನ್ನೂ ಬಂದಿಲ್ಲ ಎಂಬುದು ಪಾಲುದಾರರಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಬಾಯಿಮಾತಿನಲ್ಲಿ ಸೇರಿದಿರೆಂದು ಬಾಯಿಮಾತಿನಲ್ಲೇ ಬಿಡಬೇಡಿ. ಎರಡು ಸಾಲಾದರೂ ಬರೆದು ಕೊಡಿ, ನಕಲನ್ನು ಇಟ್ಟುಕೊಳ್ಳಿ, ಸೇವಾವಧಿಯನ್ನು ನಮೂದಿಸಿದ ಅನುಭವ ಪತ್ರ ಕೇಳಿ ಪಡೆಯಿರಿ.

ಗೋಪ್ಯತೆಯ ನಿಯಮ ನಿಮಗೂ ಖಂಡಿತ ಅನ್ವಯಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ವಕೀಲರಿಗೆ ಹಾಕಿರುವ ಕಟ್ಟನ್ನು ಅವರ ಗುಮಾಸ್ತರಿಗೂ ನೌಕರರಿಗೂ ಹಾಕಿದೆ, ಕೆಲಸ ಮುಗಿದ ಮೇಲೂ ಆ ಕಟ್ಟು ಸಡಿಲವಾಗುವುದಿಲ್ಲ. ಹೊಸ ಕಚೇರಿಯಲ್ಲಿ ‘ನಮ್ಮ ಹಳೆಯ ಸಾಹೇಬರ ಬಳಿ ಇಂಥದ್ದೇ ಒಂದು ಕೇಸ್ ಇತ್ತು’ ಎಂದು ಆರಂಭವಾಗುವ ಹರಟೆಯಲ್ಲಿಯೇ ಹೆಸರು ಹೊರಬೀಳುವುದು, ಅಲ್ಲಿ ಎಚ್ಚರವಿರಲಿ.

ಪ್ರಶ್ನೆ: ಅಮೆರಿಕದ ಕಾನೂನು ಸಂಸ್ಥೆಯೊಂದರಲ್ಲಿ ವಕೀಲನಾಗಿದ್ದೇನೆ. ಬೇರೆ ಸಂಸ್ಥೆಗೆ ಹೋಗುವವನಿದ್ದೇನೆ. ನಾನೇ ನೋಡಿಕೊಳ್ಳುತ್ತಿರುವ ಕಕ್ಷಿದಾರರಿಗೆ ಈ ವಿಷಯ ತಿಳಿಸಬಹುದೇ? ಸಂಸ್ಥೆಯವರು ಅರವತ್ತು ದಿನ ಯಾರೊಂದಿಗೂ ಮಾತನಾಡಬಾರದು ಎನ್ನುತ್ತಾರೆ.

ಉತ್ತರ: ಸಂಸ್ಥೆಗೆ ನೋಟಿಸ್ ಕೊಡುವ ಮೊದಲು ಕಕ್ಷಿದಾರರನ್ನು ‘ನನ್ನೊಂದಿಗೆ ಬನ್ನಿ’ ಎಂದು ಕರೆಯುವುದು ನಿಮ್ಮ ಸಂಸ್ಥೆಗೆ ಮಾಡುವ ದ್ರೋಹ. ನೋಟಿಸ್ ಕೊಟ್ಟ ನಂತರದ ಸ್ಥಿತಿ ಬೇರೆ. ತಮ್ಮ ವಕೀಲರು ಯಾರಾಗಿರಬೇಕೆಂದು ನಿರ್ಧರಿಸುವ ಹಕ್ಕು ಕಕ್ಷಿದಾರರದು ಎಂಬ ನೆಲೆಯಿಂದಲೇ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 5.6, ಸಂಸ್ಥೆ ಬಿಟ್ಟ ವಕೀಲರ ವೃತ್ತಿಯನ್ನು ನಿರ್ಬಂಧಿಸುವ ಕರಾರುಗಳನ್ನು ನಿಷೇಧಿಸುತ್ತದೆ. ಅದೇ ಬಾರ್ ಅಸೋಸಿಯೇಷನ್ನಿನ 2019ರ ಔಪಚಾರಿಕ ಅಭಿಪ್ರಾಯ 489 ನಿಮ್ಮ ಪ್ರಶ್ನೆಗೆ ನೇರ ಉತ್ತರವನ್ನೇ ಕೊಡುತ್ತದೆ: ಸುಗಮ ಹಸ್ತಾಂತರಕ್ಕೆ ಬೇಕಾದಷ್ಟು ನೋಟಿಸ್ ಕೇಳಬಹುದು, ಆದರೆ ಕಕ್ಷಿದಾರರ ಆಯ್ಕೆಯನ್ನು ತಡಮಾಡುವಂತೆ ಅಥವಾ ಕುಗ್ಗಿಸುವಂತೆ ಒಂದು ನಿಗದಿತ ಅವಧಿಯನ್ನು ಯಾಂತ್ರಿಕವಾಗಿ ಹೇರುವಂತಿಲ್ಲ, ಆ ಅವಧಿಯಲ್ಲಿ ಕೆಲಸಕ್ಕೆ ಬೇಕಾದ ಕಡತ, ಸಿಬ್ಬಂದಿಯ ನೆರವನ್ನು ಕಿತ್ತುಕೊಳ್ಳುವಂತೆಯೂ ಇಲ್ಲ. ನೀವೂ ಸಂಸ್ಥೆಯೂ ಸೇರಿ ಸಹಿ ಮಾಡಿದ ಒಂದೇ ಪತ್ರವನ್ನು, ನೀವು ನೇರವಾಗಿ ನೋಡಿಕೊಳ್ಳುತ್ತಿರುವ ಕಕ್ಷಿದಾರರಿಗೆ ಕಳುಹಿಸಿ, ಅಲ್ಲಿಯೇ ಉಳಿಯುವುದು, ನಿಮ್ಮೊಂದಿಗೆ ಬರುವುದು, ಬೇರೆ ವಕೀಲರನ್ನು ನೇಮಿಸಿಕೊಳ್ಳುವುದು ಎಂಬ ಆಯ್ಕೆಗಳನ್ನು ಅವರ ಮುಂದಿಡುವುದು ಅತ್ಯಂತ ಶುದ್ಧವಾದ ದಾರಿ. ಆಯಾ ರಾಜ್ಯದ ನಿಯಮಗಳಲ್ಲಿ ವ್ಯತ್ಯಾಸಗಳಿರುತ್ತವಾದ್ದರಿಂದ ನಿಮಗೆ ಪರವಾನಗಿ ಕೊಟ್ಟ ರಾಜ್ಯದ ನಿಯಮವನ್ನು ನೋಡಿಯೇ ಹೆಜ್ಜೆ ಇಡಿ.

ಭಾರತದಲ್ಲಿರುವ ಓದುಗರು ಇದನ್ನು ಹಾಗೆಯೇ ಅನುಸರಿಸಬಾರದು. ಇಲ್ಲಿ ವಕೀಲರ ಪರಿಷತ್ತಿನ 36ನೇ ನಿಯಮ ಕಕ್ಷಿದಾರರನ್ನು ಕೋರಿ ಕರೆಯುವುದನ್ನೇ ನಿಷೇಧಿಸಿದೆ. ಕಕ್ಷಿದಾರರು ತಾವಾಗಿಯೇ ಹುಡುಕಿಕೊಂಡು ಬಂದರೂ, ಈಗಾಗಲೇ ವಕಾಲತ್ತು ಹಾಕಿರುವ ವಕೀಲರ ಒಪ್ಪಿಗೆ ಪಡೆಯಬೇಕು, ಅದು ಸಿಗದಿದ್ದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಕೋರಬೇಕು ಎನ್ನುತ್ತದೆ 39ನೇ ನಿಯಮ.

ಪ್ರಶ್ನೆ: ರಾಜೀನಾಮೆ ಪತ್ರ ಕೊಟ್ಟ ಅರ್ಧ ಗಂಟೆಯಲ್ಲಿ ನನ್ನ ಇಮೇಲ್ ಮುಚ್ಚಿ, ‘ನಾಳೆಯಿಂದ ಬರುವುದು ಬೇಡ’ ಎಂದರು. ಎರಡು ತಿಂಗಳ ನೋಟಿಸ್ ಅವಧಿಯ ಸಂಬಳ ನನಗೆ ಬರಬೇಕಲ್ಲವೇ?

ಉತ್ತರ: ಬರಬೇಕು. ನೀವು ಕೆಲಸ ಮಾಡಲು ಸಿದ್ಧರಿದ್ದೀರಿ, ಬೇಡವೆಂದವರು ಅವರು. ಗೋಪ್ಯ ಕಡತಗಳಿರುವ ಸಂಸ್ಥೆಗಳು ಹೀಗೆ ಮನೆಗೆ ಕಳುಹಿಸುವುದು ಅಸಹಜವೇನಲ್ಲ, ಅವಮಾನವೆಂದೂ ತಿಳಿಯಬೇಡಿ. ಆದರೆ ಅದರ ವೆಚ್ಚ ಸಂಸ್ಥೆಯದು. ನೇಮಕಾತಿ ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಲೆಕ್ಕ ಬದಲಾದೀತು. ‘ತಮ್ಮ ಸೂಚನೆಯಂತೆ ಇಂದಿನಿಂದ ಕಚೇರಿಗೆ ಬರುತ್ತಿಲ್ಲ, ನೋಟಿಸ್ ಅವಧಿ ಮುಗಿಯುವವರೆಗೆ ಕೆಲಸಕ್ಕೆ ಲಭ್ಯನಿದ್ದೇನೆ’ ಎಂದು ನಿಮ್ಮ ಸ್ವಂತ ವಿಳಾಸದಿಂದ ಇವತ್ತೇ ಒಂದು ಇಮೇಲ್ ಕಳುಹಿಸಿ. ಸಂಬಳ ಪಡೆಯುತ್ತಿರುವ ಅವಧಿಯಲ್ಲಿ ಹೊಸ ಸಂಸ್ಥೆಯ ಕೆಲಸ ಆರಂಭಿಸಬೇಡಿ. ಲ್ಯಾಪ್‌ಟಾಪ್, ಗುರುತಿನ ಚೀಟಿ ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ.

ನೀವು ಭಾರತದಲ್ಲಿ ವಕೀಲಿಕೆ ಮಾಡುತ್ತಿದ್ದರೆ ಇನ್ನೊಂದು ಕೆಲಸ ಬಾಕಿಯಿದೆ. ಸಂಸ್ಥೆಯ ಬಾಗಿಲು ಮುಚ್ಚಿದರೂ ನಿಮ್ಮ ಸಹಿಯಿರುವ ವಕಾಲತ್ತುಗಳು ತಾವಾಗಿಯೇ ಕೊನೆಗೊಳ್ಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3, ನಿಯಮ 4ರಂತೆ ನ್ಯಾಯಾಲಯದ ಅನುಮತಿಯೊಂದಿಗೆ, ಲಿಖಿತವಾಗಿ ಕೊನೆಗೊಳಿಸುವವರೆಗೂ ಅವು ಊರ್ಜಿತದಲ್ಲಿರುತ್ತವೆ. ಯಾವ ಯಾವ ಪ್ರಕರಣಗಳಲ್ಲಿ ನಿಮ್ಮ ಹೆಸರಿದೆಯೆಂದು ನೆನಪಿದ್ದಷ್ಟನ್ನು ಪಟ್ಟಿ ಮಾಡಿ ಪಾಲುದಾರರಿಗೆ ಕಳುಹಿಸಿ, ಪ್ರತಿಯೊಂದರಲ್ಲೂ ನಿವೃತ್ತಿಯ ಮೆಮೊ, ಅಂದರೆ ನೀವು ಆ ಪ್ರಕರಣದಿಂದ ಹಿಂದೆ ಸರಿಯುತ್ತಿದ್ದೀರೆಂಬ ಮೆಮೊ, ಸಲ್ಲಿಸುವಂತೆ ಅದೇ ಇಮೇಲ್‌ನಲ್ಲಿ ಕೋರಿ. ಹತ್ತಿರದ ದಿನಾಂಕವಿರುವ ಪ್ರಕರಣಗಳನ್ನು ಪಟ್ಟಿಯ ಮೇಲ್ಭಾಗದಲ್ಲಿ ಬರೆಯಿರಿ.